ನಾಲ್ಕನೆಯ ಸಾಲು

ಶರ್ಮಿಳಾಗೆ ಜನವರಿಯಲ್ಲಿ ಹದಿನೆಂಟು ತುಂಬಿತು. ಅವಳು ಹೋಗುತ್ತಿದ್ದುದು ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳ ಶಾಲೆ. ಹದಿನೆಂಟಾದ ಮೇಲೆ ಅಲ್ಲಿ ಇಟ್ಟುಕೊಳ್ಳುವುದಿಲ್ಲ. ತಿಂಗಳ ಕೊನೆಯ ಶನಿವಾರ ಅವಳ ಕೊರಳಿಗೆ ಸೇವಂತಿಗೆ ಹಾರ ಹಾಕಿ, ಕೈಗೊಂದು ಸ್ಟೀಲ್ ಡಬ್ಬಿ ಕೊಟ್ಟು, ಫೋಟೊ ತೆಗೆದು ಕಳಿಸಿದರು. ಸೋಮವಾರ ಬೆಳಿಗ್ಗೆ ಅವಳು ಯೂನಿಫಾರಂ ಹಾಕಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತಳು. ಹತ್ತು ಗಂಟೆಯಾದರೂ ವ್ಯಾನು ಬರಲಿಲ್ಲ. ಅಜ್ಜಿ ಬಂದು ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ತರೀಕೆರೆಯ ಆ ಬಾಡಿಗೆ ಮನೆಯಲ್ಲಿ ಐದು ಜನ. ಅಪ್ಪ ಪಂಚಾಕ್ಷರಪ್ಪ ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಅಮ್ಮ ಮಲ್ಲಿಕಾಂಬ ಕಡೂರಿನ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಕಾಲರ್ ಹೊಲಿಯುತ್ತಿದ್ದಳು. ಬೆಳಿಗ್ಗೆ ಏಳೂವರೆಗೆ ಕಂಪನಿ ಬಸ್ಸು ಹತ್ತಿದರೆ ಮತ್ತೆ ಮನೆ ಸೇರುವುದು ಸಂಜೆ ಆರೂಮುಕ್ಕಾಲಿಗೆ. ಶರ್ಮಿಳಾಳ ಅಣ್ಣ ಚಿನ್ಮಯ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ. ಅಜ್ಜಿ ಶಕುಂತಲಮ್ಮ, ಪಂಚಾಕ್ಷರಪ್ಪನ ತಾಯಿ, ಈ ಮನೆಗೆ ಅರ್ಧ ವರ್ಷದವಳು. ದಸರಾದಿಂದ ಯುಗಾದಿವರೆಗೆ ಇಲ್ಲಿ, ಯುಗಾದಿಯಿಂದ ದಸರಾವರೆಗೆ ಅಜ್ಜಂಪುರದಲ್ಲಿ ಕಿರಿಯ ಮಗನ ಮನೆ. ಯಜಮಾನ ತೀರಿಕೊಂಡಾಗ ಇಬ್ಬರು ಗಂಡುಮಕ್ಕಳು ಕೂತು ಮಾಡಿಕೊಂಡ ಸರದಿ ಅದು. ಹದಿಮೂರು ವರ್ಷದಲ್ಲಿ ಒಂದು ದಿನವೂ ಆಚೀಚೆ ಆಗಿರಲಿಲ್ಲ.

ಶಾಲೆ ಇದ್ದಾಗ ಚಿನ್ಮಯ ಒಂಬತ್ತಕ್ಕೆ ತಂಗಿಯನ್ನು ವ್ಯಾನು ಹತ್ತಿಸುತ್ತಿದ್ದ, ನಾಲ್ಕೂವರೆಗೆ ಕಾಲೇಜಿನಿಂದ ಬಂದು ಇಳಿಸಿಕೊಳ್ಳುತ್ತಿದ್ದ. ನಡುವಿನ ಹೊತ್ತು ಶಾಲೆಯದು. ಈಗ ಆ ನಡುವಿನ ಹೊತ್ತೆಲ್ಲ ಮನೆಯೊಳಗೆ ಬಂದು ಬಿತ್ತು.

ಮೂರನೆಯ ದಿನ ಊಟಕ್ಕೆ ಕೂತಾಗ ಶಕುಂತಲಮ್ಮ ಮುದ್ದೆ ಮುರಿಯುತ್ತ ಮಾತು ತೆಗೆದಳು. ತನ್ನ ಮಂಡಿ ನೋವು, ಹಿಂದಿನ ಬಚ್ಚಲಿನವರೆಗೆ ಬೆಳೆದ ಹುಡುಗಿಯನ್ನು ಕರೆದುಕೊಂಡು ಹೋಗಿ ಬರುವ ಕಷ್ಟ, ಎಲ್ಲ ಹೇಳಿದಳು.

"ಒಂದ್ಸಲ ಕೂರು ಅಂದ್ರೆ ಏಳು ಅನ್ನೋವರ್ಗೂ ಏಳಲ್ಲ ಕಣ್ರೋ. ಮಧ್ಯಾಹ್ನ ನಾನು ಮಲಗಿ ಎದ್ದು ನೋಡಿದ್ರೆ ಅಲ್ಲೇ ಕೂತವ್ಳೆ, ಅದೇ ಗೋಡೆ ನೋಡ್ಕೊಂಡು. ನಂಗೆ ಭಯ ಆಯ್ತದೆ."

"ಈ ಸಲ ಒಂದೆರಡು ತಿಂಗ್ಳು ಹೆಚ್ಚಿಗೆ ಇರ್ರಿ ಅತ್ತೆ," ಎಂದಳು ಮಲ್ಲಿಕಾಂಬ.

"ಯುಗಾದಿವರ್ಗೂ ಇರ್ತೀನಿ. ಆಮೇಲೆ ನೀವುಂಟು, ನಿಮ್ಮ ಮಗಳುಂಟು."

ಪಂಚಾಕ್ಷರಪ್ಪ ಹೆಂಡತಿಗೆ ಕೆಲಸ ಬಿಡಲು ಹೇಳಿದ. ಬಿಟ್ಟರೆ ಬಾಡಿಗೆ ಯಾರು ಕಟ್ಟುತ್ತಾರೆಂದು ಅವಳು ಕೇಳಿದಳು. ಅವನ ಬೆನ್ನಿನ ಎಕ್ಸ್‌ರೇ ನೋಡಿದ ಡಾಕ್ಟರು ಮೂಟೆ ಮುಟ್ಟಬೇಡ ಎಂದು ದೀಪಾವಳಿಗೆ ಮೊದಲೇ ಹೇಳಿದ್ದರು. ಅವನು ಮುಟ್ಟುತ್ತಲೇ ಇದ್ದ, ಆದರೆ ವಾರಕ್ಕೆ ಮೂರು ದಿನ. ಅದನ್ನು ಮಲ್ಲಿಕಾಂಬ ಎತ್ತಿ ಆಡಿದಳು. ಅವನು ತಟ್ಟೆ ಬಿಟ್ಟು ಎದ್ದ. ಶರ್ಮಿಳಾ ಅವನ ತಟ್ಟೆಯನ್ನೂ ತನ್ನದನ್ನೂ ಬಚ್ಚಲಿಗೆ ಒಯ್ದು ತೊಳೆದಿಟ್ಟಳು. ಅದನ್ನು ಶಾಲೆಯಲ್ಲಿ ಕಲಿಸಿದ್ದರು.

ಶಾಲೆಯಲ್ಲಿ ಇನ್ನೊಂದನ್ನೂ ಕಲಿಸಿದ್ದರು. ಚಪಾತಿ ಲಟ್ಟಿಸುವುದು. ಶರ್ಮಿಳಾ ಲಟ್ಟಿಸಿದ ಚಪಾತಿ ಬಟ್ಟಲು ಇಟ್ಟು ಕೊಯ್ದಷ್ಟು ದುಂಡಗಿರುತ್ತಿತ್ತು. ಅವಳ ಟೀಚರ್ ವಿಭಾ ಅದನ್ನೇ ನೆಚ್ಚಿಕೊಂಡು ತರೀಕೆರೆಯಲ್ಲಿ ಕೆಲಸ ಹುಡುಕಿದಳು. ಎರಡು ಬೇಕರಿಯವರು ಆಗುವುದಿಲ್ಲವೆಂದರು. ಒಂದು ಮೆಸ್ಸಿನವನು ಹುಡುಗಿಯನ್ನು ನೋಡಿ ನಕ್ಕ. ಕೊನೆಗೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಚಪಾತಿ ಮನೆ ನಡೆಸುವ ಲಲಿತಮ್ಮ ಒಂದು ತಿಂಗಳು ನೋಡೋಣ ಎಂದಳು. ಲಲಿತಮ್ಮನ ಹತ್ತಿರ ನಾಲ್ಕು ಹೆಂಗಸರಿದ್ದರು. ದಿನಕ್ಕೆ ಸಾವಿರ ಚಪಾತಿ, ಮದುವೆ ಸಿಕ್ಕಿದರೆ ಎರಡು ಸಾವಿರ. ಶರ್ಮಿಳಾಗೆ ಉಳಿದವರ ಅರ್ಧ ಸಂಬಳ. ಮಲ್ಲಿಕಾಂಬ ಅದರ ಬಗ್ಗೆ ಏನೂ ಕೇಳಲಿಲ್ಲ.

ಕೆಲಸಕ್ಕೆ ಸೇರುವ ಹಿಂದಿನ ದಿನ ವಿಭಾ ಮನೆಗೆ ಬಂದು ಒಂದು ಹಾಳೆ ಕೊಟ್ಟಳು. ಲಲಿತಮ್ಮನಿಗೆ ಕೊಡಬೇಕಾದದ್ದು. ಅದರಲ್ಲಿ ಐದು ಸಾಲು. ಹತ್ತು ಚಪಾತಿ ಆದ ಮೇಲೆ ಶರ್ಮಿಳಾ ಕೈ ಎತ್ತುತ್ತಾಳೆ, 'ಮುಂದೆ' ಎಂದು ಹೇಳಿದರೆ ಮತ್ತೆ ಹತ್ತು ಮಾಡುತ್ತಾಳೆ, ಇದು ಮೊದಲನೆಯದು. ಜೋರಾಗಿ ಕೂಗಿದರೆ ಅವಳ ಕೈ ನಿಂತುಬಿಡುತ್ತದೆ. ಗಡಿಯಾರ ನೋಡಲು ಬರುವುದಿಲ್ಲ. ನಾಲ್ಕನೆಯದು ಹೀಗಿತ್ತು: 'ಬಾತ್‌ರೂಮಿಗೆ ಹೋಗಬೇಕಾದಾಗಲೂ ಕೈ ಎತ್ತುತ್ತಾಳೆ, ಬಾಯಿಬಿಟ್ಟು ಹೇಳುವುದಿಲ್ಲ. ಮುಖ ನೋಡಿ ಏನು ಎಂದು ಕೇಳಿ ಕಳಿಸಬೇಕು. ಕಳಿಸದಿದ್ದರೆ ಹೋಗುವುದಿಲ್ಲ.' ಐದನೆಯದು ಮಲ್ಲಿಕಾಂಬಳ ಫೋನ್ ನಂಬರು.

ಇಪ್ಪತ್ತೆರಡು ಮಕ್ಕಳಿಗೆ ನಾವಿಬ್ಬರೇ ಟೀಚರುಗಳು, ಎಲ್ಲರೂ ಅವರವರೇ ಎದ್ದು ಹೊರಟರೆ ಹಿಡಿಯಲಾಗದೆಂದು ಈ ಅಭ್ಯಾಸ ಮಾಡಿಸಿದೆವು ಎಂದು ವಿಭಾ ಹೇಳಿದಳು. ಇಷ್ಟು ವರ್ಷದ ಮೇಲೆ ಬಿಡಿಸಲು ಆಗುತ್ತಿಲ್ಲ ಎಂದೂ ಹೇಳಿದಳು.

ಅವಳು ಹೋದ ಮೇಲೆ ಮಲ್ಲಿಕಾಂಬ ಹಾಳೆಯನ್ನು ಎರಡು ಸಲ ಓದಿ ಚಿನ್ಮಯನ ಮುಂದಿಟ್ಟಳು.

"ಬೇರೆ ಹಾಳೇಲಿ ಬರಿ. ನಾಲ್ಕನೇದು ಬಿಟ್ಬಿಡು."

"ಯಾಕಮ್ಮ?"

"ತಿನ್ನೋ ಪದಾರ್ಥ ಮಾಡೋ ಜಾಗ ಕಣೋ ಅದು. ಈ ಸಾಲು ಓದಿ ಯಾರು ಒಳಗೆ ಬಿಟ್ಕತಾರೆ?"

"ಆಮೇಲೆ ಗೊತ್ತಾದ್ರೆ?"

"ಗೊತ್ತಾಗೋ ಹೊತ್ತಿಗೆ ಇವಳ ಕೆಲ್ಸ ನೋಡಿರ್ತಾರೆ. ಆಗ ಬಿಡಲ್ಲ."

ಚಿನ್ಮಯನಿಗೆ ಅದು ಸರಿಯೆನಿಸಿತೋ ಇಲ್ಲವೋ, ಪೆನ್ನು ತೆಗೆದು ಬರೆದ. ಮಲ್ಲಿಕಾಂಬಳ ಫೋನ್ ನಂಬರು ನಾಲ್ಕನೆಯ ಸಾಲಾಯಿತು. ವಿಭಾ ಬರೆದ ಹಾಳೆಯನ್ನು ಮಲ್ಲಿಕಾಂಬ ಒಲೆಗೆ ಹಾಕಿದಳು. ಮರುದಿನ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಮಗಳನ್ನು ತಾನೇ ಚಪಾತಿ ಮನೆಗೆ ಬಿಟ್ಟು ಬಂದಳು. "ಎಲ್ಲಾ ತಾನೇ ಮಾಡ್ಕತಾಳೆ ಅಕ್ಕ, ಏನೂ ತೊಂದ್ರೆ ಕೊಡಲ್ಲ," ಎಂದು ಲಲಿತಮ್ಮನಿಗೆ ಹೇಳಿದಳು. ಲಲಿತಮ್ಮ ಹಾಳೆಯನ್ನು ಗೋಡೆಯ ಕ್ಯಾಲೆಂಡರಿನ ಪಕ್ಕ ಮೊಳೆಗೆ ಸಿಕ್ಕಿಸಿದಳು.

ಅಂದಿನಿಂದ ಶರ್ಮಿಳಾಗೆ ಬೆಳಿಗ್ಗೆ ಅರ್ಧ ಲೋಟ ಕಾಫಿ ಮಾತ್ರ. ನೀರು ಕೇಳಿದರೆ ಎರಡು ಗುಟುಕು. ಹೊರಡುವ ಮುಂಚೆ ಅಜ್ಜಿ ಅವಳನ್ನು ಬಚ್ಚಲಿಗೆ ಎರಡು ಸಲ ಕಳಿಸಬೇಕು.

ಚಪಾತಿ ಮನೆಯಲ್ಲಿ ಒಬ್ಬಳು ಹಿಟ್ಟು ನಾದುತ್ತಿದ್ದಳು, ಇಬ್ಬರು ದೊಡ್ಡ ಕಾವಲಿಯ ಮುಂದೆ. ಲಟ್ಟಿಸುವ ಮಣೆಯ ಹತ್ತಿರ ಮದೀಹಾ ಎಂಬ ಇಪ್ಪತ್ತನಾಲ್ಕರ ಹುಡುಗಿ, ಅವಳ ಪಕ್ಕದಲ್ಲಿ ಶರ್ಮಿಳಾ. ಮೊದಲ ದಿನ ಶರ್ಮಿಳಾ ಹತ್ತು ಮುಗಿಸಿ ಕೈ ಎತ್ತಿದಾಗ ಕಾವಲಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ಲಲಿತಮ್ಮ ಹಾಳೆ ನೋಡಿ, 'ಮುಂದೆ ಅನ್ಬೇಕಂತೆ ಕಣ್ರೇ' ಎಂದಳು. ವಾರ ಕಳೆಯುವುದರಲ್ಲಿ ಅದು ಎಲ್ಲರಿಗೂ ರೂಢಿಯಾಯಿತು. ತಿರುಗಿ ನೋಡದೆ 'ಹ್ಞೂ ಮುಂದೆ' ಎನ್ನುತ್ತಿದ್ದರು. ಮದೀಹಾ ಒಬ್ಬಳು ಹಾಗಲ್ಲ. ಅವಳಿಗೆ ಮಾತಿನ ಚಟ. ಪ್ರತಿ ಸಲವೂ ಶರ್ಮಿಳಾಳ ಕಡೆ ತಿರುಗಿ, "ಏನೇ? ಏನು ಬೇಕೇ ನಿಂಗೆ?" ಎಂದು ಕೇಳುತ್ತಿದ್ದಳು. ಒಮ್ಮೊಮ್ಮೆ ಶರ್ಮಿಳಾ ಹಿತ್ತಲ ಕಡೆ ತೋರಿಸುತ್ತಿದ್ದಳು. ಮದೀಹಾ ಹೋಗು ಎನ್ನುತ್ತಿದ್ದಳು, ಶರ್ಮಿಳಾ ಹೋಗಿ ಬರುತ್ತಿದ್ದಳು. ಇದರಲ್ಲಿ ಹೇಳಬೇಕಾದ್ದು ಏನಾದರೂ ಇದೆ ಎಂದು ಮದೀಹಾಗೆ ಅನ್ನಿಸಲಿಲ್ಲ.

ಮನೆಯಲ್ಲಿ ಎರಡು ವಾರ ಜಗಳವಿರಲಿಲ್ಲ. ಚಿನ್ಮಯ ಒಂಬತ್ತಕ್ಕೆ ಬೈಕಿನಲ್ಲಿ ಬಿಟ್ಟು ಐದಕ್ಕೆ ಕರೆತರುತ್ತಿದ್ದ. ಶರ್ಮಿಳಾ ಮನೆಗೆ ಬಂದವರಿಗೆಲ್ಲ, ಹಾಲಿನವನಿಗೂ, "ನಂಗೆ ಡ್ಯೂಟಿ" ಎಂದು ಹೇಳುತ್ತಿದ್ದಳು. ಲಲಿತಮ್ಮ ಕೊಟ್ಟ ನೀಲಿ ಏಪ್ರನ್ನನ್ನು ತಾನೇ ಒಗೆದು ಹರವುತ್ತಿದ್ದಳು. ಶಕುಂತಲಮ್ಮ ಎದುರು ಮನೆಯವಳ ಹತ್ತಿರ ಮೊಮ್ಮಗಳು ಕೆಲಸಕ್ಕೆ ಹೋಗುತ್ತಾಳೆ ಎಂದು ಹೇಳಿಕೊಂಡದ್ದನ್ನು ಮಲ್ಲಿಕಾಂಬ ಕೇಳಿಸಿಕೊಂಡಳು. ಒಂದು ಭಾನುವಾರ ಪಂಚಾಕ್ಷರಪ್ಪ ಮಗಳಿಗೆ ಬಾಳೆಕಾಯಿ ಬಜ್ಜಿ ತಂದುಕೊಟ್ಟ. ಯುಗಾದಿಗೆ ಅತ್ತೆ ಹೋದರೂ ನಡೆಯುತ್ತದೆ ಎಂದು ಮಲ್ಲಿಕಾಂಬ ಲೆಕ್ಕ ಹಾಕತೊಡಗಿದಳು.

ಅಷ್ಟರಲ್ಲಿ ರಂಜಾನ್ ಶುರುವಾಯಿತು. ಮದೀಹಾ ಬೆಳಿಗ್ಗೆ ಬೇಗ ಬಂದು ಮಧ್ಯಾಹ್ನ ಮೂರಕ್ಕೆ ಹೊರಡತೊಡಗಿದಳು. ಉಪವಾಸ ಬಿಡುವ ಹೊತ್ತಿಗೆ ಮನೆಯಲ್ಲಿ ಅಡುಗೆಯಾಗಬೇಕು. ಮೂರರಿಂದ ಐದರವರೆಗೆ ಶರ್ಮಿಳಾ ತಡೆದುಕೊಂಡಿರುತ್ತಿದ್ದಳು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನೇರ ಬಚ್ಚಲ ಬಾಗಿಲಿಗೆ ಹೋಗಿ ನಿಲ್ಲುವುದನ್ನು ಅಜ್ಜಿ ನೋಡಿದ್ದಳು. ಯಾರಿಗೂ ಹೇಳಲಿಲ್ಲ.

ಕೆಲಸಕ್ಕೆ ಸೇರಿದ ಮೂರನೆಯ ವಾರದ ಗುರುವಾರ ಬೀರೂರಿನ ಒಂದು ಮದುವೆಯ ಆರ್ಡರ್ ಇತ್ತು. ಮಧ್ಯಾಹ್ನ ಎಲ್ಲರಿಗೂ ಎರಡು ಸಲ ಚಹಾ ಬಂತು. ಶರ್ಮಿಳಾಳೂ ಎರಡು ಸಲ ಕುಡಿದಳು, ಕೊಟ್ಟದ್ದನ್ನು ಅವಳು ಬೇಡ ಎನ್ನುವುದಿಲ್ಲ. ಮದೀಹಾ ಮೂರಕ್ಕೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಶರ್ಮಿಳಾ ಕೈ ಎತ್ತಿದಳು. ಕಾವಲಿಯ ಮುಂದಿದ್ದವಳು ಬೆನ್ನು ತಿರುಗಿಸದೆ 'ಹ್ಞೂ ಮುಂದೆ' ಎಂದಳು. ಶರ್ಮಿಳಾ ಕೈ ಇಳಿಸಿ ಒಂದು ಚಪಾತಿ ಲಟ್ಟಿಸಿ ಮತ್ತೆ ಎತ್ತಿದಳು. ಮುಂದೆ, ಮುಂದೆ, ಹತ್ತೂ ಮುಗೀಲಿ ಎಂದಳು ಅವಳು. ಲಲಿತಮ್ಮ ಫೋನಿನಲ್ಲಿ ಮದುವೆಯವರ ಜೊತೆ ಮಾತಾಡುತ್ತಿದ್ದಳು. ನಾಲ್ಕೂವರೆಗೆ ಹಿಟ್ಟು ನಾದುತ್ತಿದ್ದವಳು ಕಿರುಚಿದಳು. ನೆಲದ ಮೇಲೆ ನೀರು ಹರಿದು ಗೋಧಿ ಹಿಟ್ಟಿನ ಚೀಲದ ಬುಡಕ್ಕೆ ಹೋಗಿತ್ತು. ಶರ್ಮಿಳಾ ಆ ಕೂಗಿಗೆ ಲಟ್ಟಣಿಗೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿಕೊಂಡು ನಿಂತಿದ್ದಳು. ಲಂಗ ಒದ್ದೆಯಾಗಿತ್ತು.

ಲಲಿತಮ್ಮ ಬೈಯಲಿಲ್ಲ. ಬೈದವರು ಉಳಿದವರು. ಮಾಡಿಟ್ಟಿದ್ದ ನಾನೂರು ಚಪಾತಿಯನ್ನೂ ನಾದಿದ ಹಿಟ್ಟನ್ನೂ ಲಲಿತಮ್ಮ ಹಂದಿ ಸಾಕುವವನಿಗೆ ಕೊಟ್ಟು, ನೆಲ ತೊಳೆಸಿ, ಹೊಸ ಚೀಲ ತರಿಸಿ ಮೊದಲಿನಿಂದ ಶುರುಮಾಡಿದಳು. ಐದಕ್ಕೆ ಚಿನ್ಮಯ ಬಂದಾಗ ಶರ್ಮಿಳಾ ಹೊರಗಿನ ಮೆಟ್ಟಿಲ ಮೇಲೆ ಲಲಿತಮ್ಮನ ಹಳೆಯ ಸೀರೆ ಸುತ್ತಿಕೊಂಡು ಕೂತಿದ್ದಳು. ಅವನನ್ನು ನೋಡಿ, "ಹತ್ತು ಆಗ್ಲಿಲ್ಲ," ಎಂದಳು.

ಮರುದಿನ ಮಲ್ಲಿಕಾಂಬ ರಜೆ ಹಾಕಿ ಹೋದಳು. ಇದು ಯಾವಾಗಲೂ ಹೀಗೇನಾ ಎಂದು ಲಲಿತಮ್ಮ ಕೇಳಿದ್ದಕ್ಕೆ, ಇಲ್ಲ ಅಕ್ಕ, ನಿನ್ನೆ ಮೈಯಲ್ಲಿ ಜ್ವರ ಇತ್ತು, ಹೇಳದೆ ಬಂದುಬಿಟ್ಟಿದ್ದಳು ಎಂದಳು. ಲಲಿತಮ್ಮ ನಂಬಿದಳು. ಎರಡು ದಿನ ಮನೆಯಲ್ಲಿರಲಿ, ಹುಷಾರಾಗಲಿ, ಸೋಮವಾರ ಕಳಿಸು, ಅಷ್ಟರಲ್ಲಿ ಇವರನ್ನು ಸಮಾಧಾನ ಮಾಡಿರುತ್ತೇನೆ ಎಂದಳು. ಮಲ್ಲಿಕಾಂಬ ದಾರಿಯಲ್ಲಿ ಕಾಲು ಕೆಜಿ ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಬಂದಳು.

ಶನಿವಾರ ವಿಭಾ ಸುದ್ದಿ ಕೇಳಿ ತಾನಾಗಿಯೇ ಚಪಾತಿ ಮನೆಗೆ ಹೋದಳು. ಒಳ್ಳೆಯದು ಮಾಡಬೇಕೆಂದೇ ಹೋದದ್ದು. ಶರ್ಮಿಳಾಳ ತಪ್ಪಲ್ಲ, ಕೈ ಎತ್ತಿದಾಗ ಕೇಳಬೇಕಿತ್ತು, ನಾಲ್ಕನೆಯ ಸಾಲಿನಲ್ಲಿ ಬರೆದಿದ್ದೆನಲ್ಲ ಎಂದಳು. ಲಲಿತಮ್ಮ ಗೋಡೆಯಿಂದ ಹಾಳೆ ತೆಗೆದು ಅವಳ ಕೈಗೆ ಕೊಟ್ಟಳು. ವಿಭಾ ಓದಿದಳು. ಅಕ್ಷರ ಅವಳದಾಗಿರಲಿಲ್ಲ.

ಸಂಜೆ ಲಲಿತಮ್ಮನೇ ಮಲ್ಲಿಕಾಂಬಳನ್ನು ಕರೆಸಿದಳು. ವಿಭಾ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು.

"ನಿನ್ನ ಮಗಳ ಮೇಲೆ ನಂಗೆ ಸಿಟ್ಟಿಲ್ಲಮ್ಮ, ನಿನ್ನ ಮೇಲೈತೆ," ಎಂದಳು ಲಲಿತಮ್ಮ. "ಇನ್ನೇನೇನು ಬರೀದೇ ಬಿಟ್ಟಿದೀಯ?"

"ಇನ್ನೇನಿಲ್ಲ ಅಕ್ಕ. ಆಣೆಗೂ ಇಲ್ಲ."

"ಹೆಂಗೆ ನಂಬ್ಲಿ? ನಿನ್ನೆ ಜ್ವರ ಅಂದೆ. ನಾನು ಇವರಿಗೆಲ್ಲ ಜ್ವರ ಅಂತ ಹೇಳ್ಕೊಂಡು ಬಂದೆ."

ಮಲ್ಲಿಕಾಂಬ ಸೆರಗಿನ ತುದಿ ನೋಡುತ್ತ ನಿಂತಿದ್ದಳು. ಆಮೇಲೆ ತಲೆ ಎತ್ತಿ ಕೇಳಿದಳು. "ಆ ಸಾಲು ಇದ್ದಿದ್ರೆ ಕೆಲ್ಸಕ್ಕೆ ತಗೋತಿದ್ರಾ ಅಕ್ಕ?"

ಲಲಿತಮ್ಮ ಗೋಡೆಯ ಬರಿ ಮೊಳೆಯ ಕಡೆ ನೋಡಿದಳು.

"ಗೊತ್ತಿಲ್ಲ," ಎಂದಳು ಕೊನೆಗೆ. "ನೀನು ಕೇಳ್ಲಿಲ್ಲ. ಈಗ ನಂಗೂ ಗೊತ್ತಾಗಲ್ಲ."

ಕೆಲಸ ಮಾಡಿದ ದಿನಗಳ ಸಂಬಳವನ್ನು ಲಲಿತಮ್ಮ ಕವರಿನಲ್ಲಿ ಹಾಕಿಟ್ಟಿದ್ದಳು, ಹಾಳಾದ ಚಪಾತಿಗೆ ಏನೂ ಹಿಡಿದುಕೊಂಡಿರಲಿಲ್ಲ. ಹೊರಗೆ ಬಂದ ಮೇಲೆ ವಿಭಾ ಒಂದೇ ಮಾತು ಹೇಳಿದಳು. ಜೂನ್‌ನಲ್ಲಿ ಇನ್ನಿಬ್ಬರು ಹುಡುಗರಿಗೆ ಹದಿನೆಂಟು ತುಂಬುತ್ತದೆ, ಅವರನ್ನೂ ಇಲ್ಲೇ ಕೇಳಬೇಕೆಂದಿದ್ದೆ, ಇನ್ನು ಹೇಗೆ ಕೇಳಲಿ ಎಂದಳು. ಮಲ್ಲಿಕಾಂಬ ಆ ಹುಡುಗರ ಹೆಸರನ್ನೂ ಕೇಳಲಿಲ್ಲ.

ಅವತ್ತಿನ ಊಟ ಯಾರಿಗೂ ಸೇರಲಿಲ್ಲ. ಹಾಳೆಯ ವಿಷಯ ಪಂಚಾಕ್ಷರಪ್ಪನಿಗೆ ಆಗಲೇ ಗೊತ್ತಾದದ್ದು.

"ಓದಿಸಿದ್ದು ಇದಕ್ಕೇನೋ?" ಎಂದು ಮಗನನ್ನು ಕೇಳಿದ.

"ನಾನೇನ್ ಮಾಡ್ಲಿ? ಅಮ್ಮ ಬಿಡು ಅಂದ್ಲು, ಬಿಟ್ಟೆ."

"ನಾಳೆ ಬಾವಿಗೆ ಬೀಳು ಅಂತಾಳೆ."

"ಬೀಳ್ಬಹುದು. ಈ ಮನೇಲಿ ಇರೋದಕ್ಕಿಂತ ವಾಸಿ."

ಮಲ್ಲಿಕಾಂಬ ಸೌಟನ್ನು ಪಾತ್ರೆಗೆ ಬಡಿದಳು. ಮಗಳನ್ನು ಕೆಲಸಕ್ಕೆ ಸೇರಿಸಲು ಈ ಮನೆಯಲ್ಲಿ ಇನ್ಯಾರು ಒಂದು ಹೆಜ್ಜೆ ಇಟ್ಟರು ಹೇಳಿ ಎಂದು ಕೂಗಿದಳು. ಶಕುಂತಲಮ್ಮ ಆಗ ಬಾಯಿ ಬಿಟ್ಟಳು. ದಿನಾ ಸಂಜೆ ಹುಡುಗಿ ಬಚ್ಚಲಿಗೆ ಓಡುವುದನ್ನು ತಾನು ನೋಡಿದ್ದೆ ಎಂದಳು. ಯಾಕೆ ಹೇಳಲಿಲ್ಲ ಎಂದು ಮೂವರೂ ಒಟ್ಟಿಗೆ ಕೇಳಿದರು. ನನ್ನನ್ನು ಯಾರು ಕೇಳಿದಿರಿ ಎಂದಳು ಅವಳು. ಇಷ್ಟು ಹೊತ್ತೂ ಶರ್ಮಿಳಾ ಕೈಯಲ್ಲಿ ಅನ್ನದ ತುತ್ತು ಹಿಡಿದುಕೊಂಡೇ ಇದ್ದಳು. ಎಲ್ಲರೂ ಸುಮ್ಮನಾದ ಮೇಲೆ ಬಾಯಿಗಿಟ್ಟಳು.

ಯುಗಾದಿಯ ದಿನ ಬೇವು ಬೆಲ್ಲ ಹಂಚಿ, ಹೋಳಿಗೆ ಊಟವಾದ ಮೇಲೆ ಕಿರಿಯ ಮಗ ಓಮ್ನಿ ತಂದ. ಶಕುಂತಲಮ್ಮನ ಚೀಲ ಹಿಂದಿನ ದಿನವೇ ತಯಾರಿತ್ತು. ಮಲ್ಲಿಕಾಂಬ ಅತ್ತೆಯ ಮುಂದೆ ಕೂತು, ಇದೊಂದು ಸಲ, ದಸರಾದವರೆಗೆ ಬೇಡ, ಜೂನ್‌ವರೆಗೆ ಎಂದು ಕೇಳಿಕೊಂಡಳು. ಅಷ್ಟರಲ್ಲಿ ಚಿನ್ಮಯನ ಪರೀಕ್ಷೆ ಮುಗಿಯುತ್ತದೆ, ಅವನು ಮನೆಯಲ್ಲಿರುತ್ತಾನೆ ಎಂದಳು. ಅಜ್ಜಂಪುರದಲ್ಲಿ ಕಿರಿಯ ಸೊಸೆಗೆ ಎರಡು ತಿಂಗಳ ಹಿಂದೆ ಹೆರಿಗೆಯಾಗಿತ್ತು.

"ಅಲ್ಲಿರೋ ಕೂಸು ಬೆಳೀತದೆ ಕಣೇ," ಎಂದಳು ಶಕುಂತಲಮ್ಮ. "ಇವತ್ತು ಮಗ್ಗುಲಾದ್ರೆ ನಾಳೆ ಕೂರ್ತದೆ. ಇಲ್ಲಿ ನಾನು ಯಾವುದನ್ನ ನೋಡ್ಕೊಂಡು ಕೂರ್ಲಿ?"

ತಾಯಿಯ ಚೀಲವನ್ನು ಪಂಚಾಕ್ಷರಪ್ಪನೇ ಗಾಡಿಗೆ ಇಟ್ಟ, ಆ ಬೆನ್ನಿನಲ್ಲೇ. ಶಕುಂತಲಮ್ಮ ಮೊಮ್ಮಗಳ ಕೆನ್ನೆ ಮುಟ್ಟಿ ನೆಟಿಕೆ ಮುರಿದು ಹತ್ತಿದಳು. ಕಣ್ಣೊರೆಸಿಕೊಂಡದ್ದು ನಿಜ. ಗಾಡಿ ನಿಲ್ಲಿಸಲಿಲ್ಲ ಎನ್ನುವುದೂ ನಿಜ.

ಮಲ್ಲಿಕಾಂಬ ಗಾರ್ಮೆಂಟ್ಸ್‌ನಲ್ಲಿ ಮಗಳಿಗೆ ದಾರ ಕತ್ತರಿಸುವ ಕೆಲಸ ಕೇಳಿ ನೋಡಿದಳು. ಮಷೀನಿರುವ ಜಾಗ, ಆಗುವುದಿಲ್ಲ ಎಂದರು. ಐದು ದಿನ ರಜೆ ಹಾಕಿ ಮನೆಯಲ್ಲಿ ಕೂತಳು. ಆರನೆಯ ದಿನ ಸೂಪರ್‌ವೈಸರ್ ಫೋನ್ ಮಾಡಿ, ಬರುವ ಸೋಮವಾರದ ಒಳಗೆ ಬರದಿದ್ದರೆ ನಿನ್ನ ಮಷೀನಿಗೆ ಬೇರೆಯವರನ್ನು ಕೂರಿಸುತ್ತೇನೆ ಎಂದ. ಚಿನ್ಮಯನಿಗೆ ಕಾಲೇಜಿನಲ್ಲಿ ಟೆಸ್ಟ್ ಇತ್ತು. ಪಂಚಾಕ್ಷರಪ್ಪ ಬೆನ್ನು ಹಿಡಿದುಕೊಂಡಿದ್ದರಿಂದ ಹೇಗೂ ಮನೆಯಲ್ಲೇ ಇದ್ದ. ನಾಳೆ ನಾನು ನೋಡಿಕೊಳ್ಳುತ್ತೇನೆ, ನೀನು ಹೋಗು ಎಂದ. ಅವಳು ಬುಧವಾರ ಬಸ್ಸು ಹತ್ತಿದಳು.

ಕೆಲಸ ಹೋದ ಮೇಲೂ ಶರ್ಮಿಳಾ ಪ್ರತಿದಿನ ಬೆಳಿಗ್ಗೆ ತಲೆ ಬಾಚಿ, ಚೀಲದಲ್ಲಿ ನೀಲಿ ಏಪ್ರನ್ ಮಡಚಿಟ್ಟು, ಅಣ್ಣನ ಬೈಕಿನ ಹತ್ತಿರ ನಿಲ್ಲುತ್ತಿದ್ದಳು. ಯಾರಾದರೂ ಒಳಗೆ ಕರೆದರೆ ಬರುತ್ತಿದ್ದಳು. ಆ ಬುಧವಾರ ಬೈಕೂ ಇರಲಿಲ್ಲ, ಕರೆಯುವವರೂ ಇರಲಿಲ್ಲ. ಪಂಚಾಕ್ಷರಪ್ಪ ನೋವಿನ ಮಾತ್ರೆ ನುಂಗಿ ಟಿವಿಯ ಮುಂದೆ ಮಲಗಿಬಿಟ್ಟಿದ್ದ. ಅವಳು ನಡೆದುಕೊಂಡು ಹೊರಟಳು. ಮನೆಯ ಬೀದಿ, ಅಲ್ಲಿಂದ ಲಾರಿಗಳು ಬಿಡುವಿಲ್ಲದೆ ಹೋಗುವ ಬಿ.ಎಚ್. ರಸ್ತೆ, ಬಸ್ ಸ್ಟ್ಯಾಂಡು, ಅದರ ಹಿಂದಿನ ಬೀದಿ. ಒಂದೂವರೆ ಕಿಲೋಮೀಟರ್. ಒಂದು ಕಡೆಯೂ ದಾರಿ ತಪ್ಪಲಿಲ್ಲ. ಚಪಾತಿ ಮನೆಯ ಹೊಸ್ತಿಲ ಆಚೆ ಏಪ್ರನ್ ಕಟ್ಟಿಕೊಂಡು ನಿಂತಿದ್ದವಳನ್ನು ಮೊದಲು ನೋಡಿದವಳು ಮದೀಹಾ. ರಂಜಾನ್ ಮುಗಿದು ಅವಳು ಮತ್ತೆ ಐದರವರೆಗೂ ಇರುತ್ತಿದ್ದಳು. ಅವಳ ಪಕ್ಕದ ಮಣೆಯಲ್ಲಿ ಬೇರೊಬ್ಬಳು ಲಟ್ಟಿಸುತ್ತಿದ್ದಳು.

ಒಳಗೆ ಕರೆಯಲೇ ಎಂದು ಮದೀಹಾ ಲಲಿತಮ್ಮನನ್ನು ಕೇಳಿದಳು. ಜಾಗ ತುಂಬಿದೆ, ನೋಡುತ್ತಿಲ್ಲವೇ ಎಂದಳು ಲಲಿತಮ್ಮ. ಆಟೊಗೆ ದುಡ್ಡು ಕೊಟ್ಟು ಮನೆಗೆ ಬಿಟ್ಟು ಬಾ ಎಂದು ಕಳಿಸಿದಳು.

ಆಟೊ ಬಂದು ನಿಂತಾಗ ಪಂಚಾಕ್ಷರಪ್ಪ ಬೀದಿಯ ಕೊನೆಯವರೆಗೆ ಹೋಗಿ ಹುಡುಕಿ ವಾಪಸ್ ಬರುತ್ತಿದ್ದ. ಬಂದವನೇ ಮಗಳ ಕೆನ್ನೆಗೆ ಹೊಡೆದ. ಅವನು ಅವಳ ಮೇಲೆ ಕೈ ಮಾಡಿದ್ದು ಅದೇ ಮೊದಲು.

"ಹೊಡೀಬೇಡಿ ಅಂಕಲ್," ಎಂದಳು ಮದೀಹಾ. "ಗಾಡಿ ನೋಡ್ಕೊಂಡೇ ದಾಟಿ ಬಂದವ್ಳೆ. ಒಂದು ಗೀರೂ ಆಗಿಲ್ಲ."

"ಇವತ್ತು ಆಗಿಲ್ಲ."

"ಎಷ್ಟು ಜನ ದೊಡ್ಡೋರಿಗೆ ಬರಲ್ಲ ಆ ರಸ್ತೆ ದಾಟೋಕೆ."

"ಹೋಗಮ್ಮ ನೀನು. ನಿಂಗೆ ಗೊತ್ತಾಗಲ್ಲ."

ಮದೀಹಾ ಆಟೊ ಹತ್ತಿದಳು. ಸಂಜೆ ಮಲ್ಲಿಕಾಂಬ ಬಂದು ಎಲ್ಲ ಕೇಳಿದಳು. ಮಗಳನ್ನು ಕೂರಿಸಿಕೊಂಡು ದಾರಿ ಹೇಗೆ ಗೊತ್ತಾಯಿತು ಎಂದು ವಿಚಾರಿಸಿದಳು. ಶರ್ಮಿಳಾ ಒಂದೊಂದಾಗಿ ಹೇಳಿದಳು. ಔಷಧಿ ಅಂಗಡಿ. ದೊಡ್ಡ ರಸ್ತೆ, ಲಾರಿ ಹೋಗಲಿ ಅಂತ ನಿಂತೆ. ಬಸ್ಸು. ಹೂವಿನವಳು. ಆಮೇಲೆ ಡ್ಯೂಟಿ. ಪ್ರತಿಯೊಂದಕ್ಕೂ ಒಂದು ಬೆರಳು ಮಡಚಿದಳು. ಅದನ್ನು ಕೇಳಿ ಮನೆಯವರಿಗೆ ಹೆದರಿಕೆ ಇನ್ನೂ ಹೆಚ್ಚಾಯಿತು. ದಾರಿ ಗೊತ್ತಿಲ್ಲದಿದ್ದರೆ ಬಾಗಿಲಲ್ಲೇ ನಿಲ್ಲುತ್ತಿದ್ದಳು. ಗೊತ್ತಿದೆ, ಅಂದಮೇಲೆ ನಾಳೆಯೂ ಹೋಗುತ್ತಾಳೆ.

ಗುರುವಾರದಿಂದ ಶನಿವಾರದವರೆಗೆ ಮಲ್ಲಿಕಾಂಬ ಮತ್ತೆ ಮನೆಯಲ್ಲಿದ್ದಳು. ಭಾನುವಾರ ಬಡಗಿ ಶಾಮಣ್ಣನನ್ನು ಚಿನ್ಮಯ ಕರೆದುಕೊಂಡು ಬಂದ. ನಡುಮನೆಯ ಪಕ್ಕದ ಕೋಣೆ, ಅಜ್ಜಿ ಇದ್ದಾಗ ಮಲಗುತ್ತಿದ್ದುದು. ಅದಕ್ಕೊಂದು ಕಿಟಕಿ, ಒಂದು ಮಂಚ. ಶಾಮಣ್ಣ ಚೀಲದಿಂದ ಹೊಸ ಚಿಲಕ ತೆಗೆದು ಬಾಗಿಲಿಗೆ ಹಿಡಿದು ನೋಡಿದ.

"ಒಳಗಡೆಗೇನಮ್ಮ?"

"ಹೊರಗಡೆಗೆ," ಎಂದಳು ಮಲ್ಲಿಕಾಂಬ.

ಶಾಮಣ್ಣ ಅವಳನ್ನೊಮ್ಮೆ, ಮಂಚದ ಮೇಲೆ ಕೂತಿದ್ದ ಶರ್ಮಿಳಾಳನ್ನೊಮ್ಮೆ ನೋಡಿದ. ಬಾಡಿಗೆ ಮನೆ, ಓನರ್‌ಗೆ ಹೇಳಿದ್ದೀರಾ ಎಂದಷ್ಟೇ ಕೇಳಿದ. ಪಂಚಾಕ್ಷರಪ್ಪ ಹೇಳಿದ್ದೇವೆ ಎಂದ. ತೂತು ಕೊರೆಯುವಾಗ ಶರ್ಮಿಳಾ ಎದ್ದು ಬಂದು ಪಕ್ಕದಲ್ಲಿ ನಿಂತಳು. ಶಾಮಣ್ಣ ಸ್ಕ್ರೂಗಳನ್ನು ಅವಳ ಅಂಗೈಗೆ ಸುರಿದ. ಅವನು ಕೈ ಚಾಚಿದಾಗಲೆಲ್ಲ ಅವಳು ಒಂದೊಂದು ಕೊಟ್ಟಳು, ತಲೆ ಮೇಲಾಗಿ, ಕೆಳಗೆ ಬೀಳಿಸದೆ. ಎಂಟು ಸ್ಕ್ರೂ. ಚಿನ್ಮಯ ಅದನ್ನು ನೋಡಲಾರದೆ ಅಂಗಡಿಗೆ ಹೋದ. ಬರುವಾಗ ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ ತಂದು ಕೋಣೆಯ ಮೂಲೆಯಲ್ಲಿಟ್ಟ. ಅದು ಯಾತಕ್ಕೆಂದು ಮಲ್ಲಿಕಾಂಬ ಮಗಳಿಗೆ ಮೂರು ಸಲ ಹೇಳಿಕೊಟ್ಟಳು. ಯಾರನ್ನೂ ಕೇಳಬೇಕಿಲ್ಲ, ಬೇಕಾದಾಗ ಹೋಗು ಎಂದಳು. ಶರ್ಮಿಳಾ ತಲೆಯಾಡಿಸಿದಳು.

ಮಧ್ಯಾಹ್ನ ಒಂದು ಸಲ ಹಾಕಿ ನೋಡಿದರು. ಮಲ್ಲಿಕಾಂಬ ಬಾಗಿಲೆಳೆದು ಚಿಲಕ ಸರಿಸಿ ಹೊರಗೆ ಕೂತು ಬೆಳ್ಳುಳ್ಳಿ ಬಿಡಿಸಿದಳು. ಅರ್ಧ ಗಂಟೆ. ಒಳಗಿನಿಂದ ಕೂಗಾಗಲಿ ಬಾಗಿಲು ತಟ್ಟುವ ಸದ್ದಾಗಲಿ ಬರಲಿಲ್ಲ. ಪಂಚಾಕ್ಷರಪ್ಪ ಟಿವಿಯ ಸದ್ದು ಕಮ್ಮಿ ಮಾಡಿ ಕಿವಿಗೊಟ್ಟ. ತೆರೆದು ನೋಡಿದರೆ ಶರ್ಮಿಳಾ ಮಂಚದ ಮೇಲೆ, ಕೂರಿಸಿದ ಕಡೆಯೇ ಕೂತಿದ್ದಳು. ಬಕೆಟ್ ಬಳಸಿರಲಿಲ್ಲ. ಅಮ್ಮನ ಮುಖ ನೋಡಿ, "ಏಳ್ಲಾ?" ಎಂದಳು.

ಏಳು ಎಂದು ಹೇಳಿ ಮಲ್ಲಿಕಾಂಬ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋದಳು. ವಾಪಸ್ ಬಂದು ಕೈ ಒರೆಸಿಕೊಂಡು ಸೂಪರ್‌ವೈಸರ್‌ಗೆ ಫೋನ್ ಮಾಡಿದಳು. ಭಾನುವಾರ ಫೋನ್ ಮಾಡಿದ್ದಕ್ಕೆ ಅವನು ಮೊದಲು ಗದರಿದ.

"ನಾಳೆಯಿಂದ ಬತ್ತೀನಿ ಸಾರ್," ಎಂದಳು. "ಮನೆ ಕಡೆ ವ್ಯವಸ್ಥೆ ಆಯ್ತು."

"ಮತ್ತೆ ರಜೆ ಗಿಜೆ ಅನ್ಬೇಡ. ಮಗಳನ್ನ ನೋಡ್ಕೊಳ್ಳೋಕೆ ಯಾರಾದ್ರೂ ಸಿಕ್ಕಿದ್ರಾ?"

"ಹ್ಞೂ ಸಾರ್," ಎಂದಳು ಮಲ್ಲಿಕಾಂಬ. "ಸಿಕ್ಕಿದ್ರು."